ಮೂತ್ರಪಿಂಡದ ಇಸ್ಕೀಮಿಯಾ ಹಾನಿ

ಮೂತ್ರಪಿಂಡಕ್ಕೆ ಹರಿದುಬರುವ ರಕ್ತವು ಅಗತ್ಯಕ್ಕಿಂತ ಕಡಿಮೆಯಾದಾಗ ಅದರ ಜೀವಕೋಶಗಳ ರಚನೆಯಲ್ಲಿಯೂ ಕಾರ್ಯದಲ್ಲಿಯೂ ಉಂಟಾಗುವ ಕೆಡುಕನ್ನು ಮೂತ್ರಪಿಂಡದ ಇಸ್ಕೀಮಿಯಾ ಹಾನಿ ಎನ್ನುತ್ತಾರೆ. ವಾಂತಿಭೇದಿ, ತೀವ್ರ ನಿರ್ಜಲೀಕರಣ, ರಕ್ತಸ್ರಾವ, ರಕ್ತಕ್ಕೆ ಹರಡಿದ ಸೋಂಕು, ಹಾವಿನ ಕಡಿತ, ಹೃದಯದ ದೌರ್ಬಲ್ಯ, ದೊಡ್ಡ ಶಸ್ತ್ರಚಿಕಿತ್ಸೆ ಮೊದಲಾದವು ಇದಕ್ಕೆ ಕಾರಣಗಳು. ಕೆಲವು ಗಂಟೆ ಅಥವಾ ದಿನಗಳಲ್ಲಿ ಮೂತ್ರಪಿಂಡದ ಕೆಲಸ ಕುಸಿಯುವ ಸ್ಥಿತಿಗೆ ತೀವ್ರ ಮೂತ್ರಪಿಂಡ ಹಾನಿ ಎಂದು ಹೆಸರು. ಅದರ ಪ್ರಮುಖ ಕಾರಣಗಳಲ್ಲಿ ಇಸ್ಕೀಮಿಯಾ ಒಂದು. ಆರಂಭದ ಹಂತದಲ್ಲಿ ರಕ್ತದ ಹರಿವನ್ನು ಮರಳಿಸಿದರೆ ಹಾನಿ ಪೂರ್ಣವಾಗಿ ಸರಿಹೋಗಬಲ್ಲದು. ತಡವಾದಷ್ಟೂ ಕೋಶಗಳು ಸಾಯುತ್ತವೆ, ಗಾಯವು ಕಲೆಯಾಗಿ ಉಳಿಯುತ್ತದೆ. ಬೇಸಿಗೆ ದೀರ್ಘವೂ ತೀಕ್ಷ್ಣವೂ ಆಗಿರುವ ಕಲಬುರಗಿಯಂತಹ ಒಣ ಪ್ರದೇಶಗಳಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಹೆಸರು

ಗ್ರೀಕ್ ಮೂಲದ ಇಸ್ಕೀಮಿಯಾ ಎಂಬ ಪದಕ್ಕೆ ರಕ್ತವನ್ನು ತಡೆಹಿಡಿಯುವುದು ಎಂಬ ಅರ್ಥವಿದೆ. ಕನ್ನಡದಲ್ಲಿ ಇದನ್ನು ರಕ್ತಕೊರತೆ ಎಂದು ಬರೆಯುವುದುಂಟು. ಆದರೆ ಈ ಪದ ರಕ್ತಹೀನತೆಯೊಂದಿಗೆ ಗೊಂದಲಕ್ಕೆ ಎಡೆಮಾಡುತ್ತದೆ. ರಕ್ತಹೀನತೆ ಎಂದರೆ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾಗಿರುವುದು. ಇಸ್ಕೀಮಿಯಾದಲ್ಲಿ ರಕ್ತ ಗುಣದಲ್ಲಿ ಚೆನ್ನಾಗಿಯೇ ಇರಬಹುದು, ಅದು ತಲುಪಬೇಕಾದ ಅಂಗಕ್ಕೆ ಸಾಕಷ್ಟು ತಲುಪುವುದಿಲ್ಲ. ಆಮ್ಲಜನಕ ಮಾತ್ರ ಕಡಿಮೆಯಾದ ಸ್ಥಿತಿಯಿಂದಲೂ ಇದು ಭಿನ್ನ. ಇಲ್ಲಿ ಆಮ್ಲಜನಕದ ಜೊತೆಗೆ ಪೋಷಕಾಂಶಗಳ ಪೂರೈಕೆಯೂ ಕಡಿಮೆಯಾಗುತ್ತದೆ, ಕೋಶಗಳ ತ್ಯಾಜ್ಯವೂ ಅಲ್ಲಿಯೇ ಉಳಿದುಬಿಡುತ್ತದೆ.

ಮೂತ್ರಪಿಂಡದ ರಕ್ತಪೂರೈಕೆ

ಎರಡು ಮೂತ್ರಪಿಂಡಗಳ ಒಟ್ಟು ತೂಕ ಸುಮಾರು 300 ಗ್ರಾಂ, ಅಂದರೆ ದೇಹದ ತೂಕದ ಶೇಕಡಾ ಅರ್ಧದಷ್ಟು. ಆದರೂ ಹೃದಯವು ಹೊರಹಾಕುವ ರಕ್ತದ ಶೇಕಡಾ 20ರಿಂದ 25 ಭಾಗ, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ, ಇವುಗಳಿಗೆ ಹರಿಯುತ್ತದೆ. ಇಷ್ಟು ಸಮೃದ್ಧವಾಗಿ ರಕ್ತ ಪಡೆಯುವ ಅಂಗವೇ ರಕ್ತ ಕಡಿಮೆಯಾದಾಗ ಬೇಗ ಕೆಡುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರವು ಹಂಚಿಕೆಯಲ್ಲಿದೆ.

ಮೂತ್ರಪಿಂಡದಲ್ಲಿ ಕಾರ್ಟೆಕ್ಸ್ ಎಂಬ ಹೊರಪದರವೂ ಮೆಡುಲ್ಲಾ ಎಂಬ ಒಳತಿರುಳೂ ಇವೆ. ಬರುವ ರಕ್ತದ ಶೇಕಡಾ 90ರಷ್ಟು ಹೊರಪದರಕ್ಕೆ ಸಲ್ಲುತ್ತದೆ, ಏಕೆಂದರೆ ರಕ್ತವನ್ನು ಸೋಸುವ ಗ್ಲೋಮೆರುಲಸ್ ಎಂಬ ಲೋಮನಾಳಗಳ ಗೊಂಚಲುಗಳು ಅಲ್ಲಿವೆ. ಈ ರಕ್ತ ಹರಿಯುವುದು ಮುಖ್ಯವಾಗಿ ಸೋಸುವುದಕ್ಕಾಗಿಯೇ ಹೊರತು ಕೋಶಗಳ ಪೋಷಣೆಗಾಗಿ ಅಲ್ಲ. ಒಳತಿರುಳಿಗೆ ಸಿಗುವುದು ಉಳಿದ ಅಲ್ಪಭಾಗ. ಅಲ್ಲಿ ರಕ್ತನಾಳಗಳು ಕುಣಿಕೆಯಂತೆ ಇಳಿದು ಏರುತ್ತವೆ. ಇಳಿಯುವ ನಾಳವೂ ಏರುವ ನಾಳವೂ ಪಕ್ಕಪಕ್ಕದಲ್ಲಿರುವುದರಿಂದ ಆಮ್ಲಜನಕದ ಒಂದು ಪಾಲು ಆಳಕ್ಕೆ ತಲುಪುವ ಮೊದಲೇ ಇಳಿಯುವ ನಾಳದಿಂದ ಏರುವ ನಾಳಕ್ಕೆ ದಾಟಿ ಮರಳಿಹೋಗುತ್ತದೆ. ಹೊರಪದರದಲ್ಲಿ ಆಮ್ಲಜನಕದ ಒತ್ತಡ ಸುಮಾರು 50 ಮಿಲಿಮೀಟರ್ ಪಾದರಸದಷ್ಟಿದ್ದರೆ ಒಳತಿರುಳಿನಲ್ಲಿ 10ರಿಂದ 20 ಮಾತ್ರ. ಕಾಲುವೆಯ ಮೊದಲ ಹೊಲಗಳಿಗೆ ನೀರು ತುಂಬಿ ಹರಿದರೂ ಕೊನೆಯಂಚಿನ ಹೊಲಕ್ಕೆ ತೇವವಷ್ಟೇ ತಲುಪುವ ಸ್ಥಿತಿಯನ್ನು ಇದಕ್ಕೆ ಹೋಲಿಸಬಹುದು.

ಈ ವ್ಯವಸ್ಥೆ ದೋಷವಲ್ಲ. ಒಳತಿರುಳಿನಲ್ಲಿ ಲವಣದ ಸಾಂದ್ರತೆಯನ್ನು ಉಳಿಸಿಕೊಂಡು ನೀರನ್ನು ಹಿಂದಕ್ಕೆ ಎಳೆದುಕೊಳ್ಳಲು ಅಲ್ಲಿನ ರಕ್ತದ ಹರಿವು ಮಂದವಾಗಿರಲೇಬೇಕು. ಹರಿವು ಹೆಚ್ಚಾದರೆ ಲವಣ ಕೊಚ್ಚಿಹೋಗುತ್ತದೆ. ಬಾಯಾರಿದ ದೇಹಕ್ಕೆ ನೀರನ್ನು ಉಳಿಸಿಕೊಡುವ ಏರ್ಪಾಡೇ ಆ ಭಾಗವನ್ನು ಸದಾ ಉಸಿರುಗಟ್ಟುವ ಅಂಚಿನಲ್ಲಿ ಇರಿಸಿದೆ. ಅಲ್ಲಿನ ಕೋಶಗಳು ತಮಗೆ ಸಿಕ್ಕ ಆಮ್ಲಜನಕದ ಶೇಕಡಾ 80ರಷ್ಟನ್ನು ಎಂದಿನ ದಿನಗಳಲ್ಲಿಯೇ ಬಳಸಿಬಿಡುತ್ತವೆ. ಹರಿವು ಕುಗ್ಗಿದಾಗ ಹೆಚ್ಚುವರಿಯಾಗಿ ಹೀರಿಕೊಳ್ಳಲು ಉಳಿಯುವುದು ಅತ್ಯಲ್ಪ.

ಒತ್ತಡ ಇಳಿದಾಗಿನ ಹೊಂದಾಣಿಕೆ

ರಕ್ತದೊತ್ತಡ ಸ್ವಲ್ಪ ಇಳಿದ ಮಾತ್ರಕ್ಕೆ ಮೂತ್ರಪಿಂಡ ಕೆಡುವುದಿಲ್ಲ. ಆರೋಗ್ಯವಂತರಲ್ಲಿ ಸರಾಸರಿ ಒತ್ತಡ ಸುಮಾರು 80 ಮಿಲಿಮೀಟರ್ ಪಾದರಸಕ್ಕಿಂತ ಮೇಲಿರುವವರೆಗೆ ರಕ್ತದ ಹರಿವನ್ನೂ ಸೋಸುವಿಕೆಯನ್ನೂ ಅದು ಬಹುಮಟ್ಟಿಗೆ ಸಮನಾಗಿ ಕಾಯ್ದುಕೊಳ್ಳುತ್ತದೆ. ಗ್ಲೋಮೆರುಲಸ್‌ಗೆ ರಕ್ತ ತರುವ ಕಿರುನಾಳವನ್ನು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹಿಗ್ಗಿಸುತ್ತವೆ. ರಕ್ತ ಹೊರಹೋಗುವ ಕಿರುನಾಳವನ್ನು ಆಂಜಿಯೊಟೆನ್ಸಿನ್-2 ಕುಗ್ಗಿಸುತ್ತದೆ. ಒಳಬಾಗಿಲು ಅಗಲವಾಗಿ ಹೊರಬಾಗಿಲು ಕಿರಿದಾದುದರಿಂದ ನಡುವಿನ ಗೊಂಚಲಿನಲ್ಲಿ ಒತ್ತಡ ಉಳಿಯುತ್ತದೆ.

ಈ ಹೊಂದಾಣಿಕೆಯನ್ನು ತಿಳಿದರೆ ಕೆಲವು ಔಷಧಗಳ ಅಪಾಯವೂ ತಿಳಿಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದ ನೋವುನಿವಾರಕಗಳು ಪ್ರೊಸ್ಟಾಗ್ಲಾಂಡಿನ್ ಉತ್ಪತ್ತಿಯನ್ನು ತಡೆಯುತ್ತವೆ, ಒಳಬಾಗಿಲು ಹಿಗ್ಗುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ಟೆಲ್ಮಿಸಾರ್ಟಾನ್‌ಗಳ ಗುಂಪಿನ ಔಷಧಗಳು ಆಂಜಿಯೊಟೆನ್ಸಿನ್‌ನ ಕೆಲಸವನ್ನು ತಡೆಯುತ್ತವೆ, ಹೊರಬಾಗಿಲು ಕಿರಿದಾಗುವುದಿಲ್ಲ. ಮೂತ್ರವನ್ನು ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನೇ ತಗ್ಗಿಸುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಇವು ಉಪಯುಕ್ತ ಔಷಧಗಳೇ. ಭೇದಿಯಿಂದ ನಿತ್ರಾಣನಾದ ರೋಗಿಯಲ್ಲಿ ಈ ಮೂರೂ ಒಟ್ಟುಗೂಡಿದಾಗ ಮೂತ್ರಪಿಂಡದ ಎಲ್ಲ ರಕ್ಷಣೆಗಳೂ ಏಕಕಾಲಕ್ಕೆ ತೆರವಾಗುತ್ತವೆ.

ಹೊಂದಾಣಿಕೆಯ ಮಿತಿ ಮೀರಿದರೂ ಕೋಶಗಳು ಇನ್ನೂ ಹಾಳಾಗದ ಹಂತವೊಂದಿದೆ. ಆಗ ಸೋಸುವಿಕೆ ತಗ್ಗಿರುತ್ತದೆ, ಮೂತ್ರ ಕಡಿಮೆಯಾಗಿ ಗಾಢವಾಗಿರುತ್ತದೆ, ಆದರೆ ನಾಳಿಕೆಗಳು ಸುಸ್ಥಿತಿಯಲ್ಲಿರುತ್ತವೆ. ಈ ಹಂತದಲ್ಲಿ ರಕ್ತದ ಹರಿವು ಮರಳಿದರೆ ಮೂತ್ರಪಿಂಡವು ಒಂದೆರಡು ದಿನಗಳಲ್ಲಿ ಮೊದಲಿನಂತಾಗುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಇದಕ್ಕಿಂತ ಅಮೂಲ್ಯವಾದ ಕಾಲ ಇನ್ನೊಂದಿಲ್ಲ.

ಕೋಶದೊಳಗಿನ ಬದಲಾವಣೆಗಳು

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಸೋಸಲ್ಪಟ್ಟು, ಅದರ ಶೇಕಡಾ 99ರಷ್ಟು ನಾಳಿಕೆಗಳ ಮೂಲಕ ರಕ್ತಕ್ಕೆ ಹಿಂದಿರುಗುತ್ತದೆ. ಈ ದುಡಿಮೆಗೆ ಅಪಾರ ಶಕ್ತಿ ಬೇಕು. ಆ ಶಕ್ತಿಯ ನಾಣ್ಯವೇ ಎಟಿಪಿ ಎಂಬ ಅಣು. ಅದನ್ನು ತಯಾರಿಸುವುದು ಮೈಟೊಕಾಂಡ್ರಿಯಗಳು. ಗ್ಲೋಮೆರುಲಸ್‌ಗೆ ಸಮೀಪದ ನಾಳಿಕೆಯ ಕೋಶಗಳು ಆಮ್ಲಜನಕವಿಲ್ಲದೆ ಸಕ್ಕರೆಯನ್ನು ಒಡೆದು ಎಟಿಪಿ ಪಡೆಯುವ ಶಕ್ತಿಯಲ್ಲಿ ಬಹಳ ದುರ್ಬಲ. ಅವು ಮುಖ್ಯವಾಗಿ ಕೊಬ್ಬಿನಾಮ್ಲಗಳನ್ನು ಆಮ್ಲಜನಕದಿಂದ ಉರಿಸಿಯೇ ಬದುಕುತ್ತವೆ. ಈ ನಾಳಿಕೆಯ ನೇರವಾದ ಕೊನೆಯ ಭಾಗ ಒಳತಿರುಳಿನ ಹೊರ ಅಂಚಿನೊಳಗೆ ಇಳಿದಿದೆ. ಆಮ್ಲಜನಕದ ಹಸಿವು ಹೆಚ್ಚು, ಪೂರೈಕೆ ಕಡಿಮೆ. ಮೊದಲ ಪೆಟ್ಟು ಬೀಳುವುದು ಇಲ್ಲಿಯೇ. ಹೆನ್ಲೆಯ ಕುಣಿಕೆಯ ದಪ್ಪವಾದ ಏರುಭಾಗವೂ ಅದೇ ನೆರೆಯಲ್ಲಿದ್ದು ಅಪಾಯಕ್ಕೆ ಒಳಗಾಗುತ್ತದೆಯಾದರೂ ಅದಕ್ಕೆ ಆಮ್ಲಜನಕವಿಲ್ಲದೆ ಸ್ವಲ್ಪ ಕಾಲ ನಿಭಾಯಿಸುವ ಶಕ್ತಿಯಿದೆ.

ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಎಟಿಪಿಯ ಸಂಗ್ರಹ ಬರಿದಾಗತೊಡಗುತ್ತದೆ. ಇದರ ಮೊದಲ ಪರಿಣಾಮ ಸೋಡಿಯಂ-ಪೊಟಾಶಿಯಂ ಪಂಪಿನ ಮೇಲೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ವರ್ಣಿಸಿ, 1997ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದುದು ಈ ಪಂಪಿಗಾಗಿಯೇ. ಒಂದು ಎಟಿಪಿ ಅಣುವಿನ ಖರ್ಚಿನಲ್ಲಿ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟಾಶಿಯಂ ಅಯಾನುಗಳನ್ನು ಒಳತರುತ್ತದೆ. ಪಂಪು ನಿಂತರೆ ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆ ನೀರು ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಕ್ಯಾಲ್ಸಿಯಂ ಕೂಡ ಕೋಶರಸದಲ್ಲಿ ಹೆಚ್ಚುತ್ತದೆ. ಸಾಮಾನ್ಯವಾಗಿ ಕಟ್ಟುನಿಟ್ಟಿನ ಮಿತಿಯಲ್ಲಿರುವ ಕ್ಯಾಲ್ಸಿಯಂ ಹೀಗೆ ಏರಿದಾಗ, ಪೊರೆಯ ಕೊಬ್ಬನ್ನು ಕರಗಿಸುವ ಫಾಸ್ಫೊಲಿಪೇಸ್‌ಗಳೂ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳೂ ಎಚ್ಚೆತ್ತು ಕೋಶದ ಸ್ವಂತ ಗೋಡೆಗಳನ್ನೇ ಕೆಡಿಸತೊಡಗುತ್ತವೆ.

ರಚನೆಯ ಹಾನಿ ಕಣ್ಣಿಗೆ ಕಾಣುವುದು ಕೋಶದ ಮೇಲಂಚಿನಲ್ಲಿ. ಸಮೀಪದ ನಾಳಿಕೆಯ ಕೋಶಗಳಿಗೆ ಕುಂಚದ ಕೂದಲುಗಳಂತೆ ಒತ್ತಾಗಿ ನಿಂತ ಸೂಕ್ಷ್ಮ ಚಾಚುಗಳಿವೆ. ಹೀರುವ ಮೇಲ್ಮೈಯನ್ನು ಹಲವು ಪಟ್ಟು ಹೆಚ್ಚಿಸುವುದು ಇವುಗಳ ಪ್ರಯೋಜನ. ಇವುಗಳನ್ನು ನೆಟ್ಟಗೆ ನಿಲ್ಲಿಸಿರುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ಎಟಿಪಿ ಕುಸಿದಾಗ ಆಕ್ಟಿನ್ ಚೌಕಟ್ಟು ಕಳಚಿ ಅಸ್ತವ್ಯಸ್ತವಾಗುತ್ತದೆ. ಚಾಚುಗಳು ಒಂದಕ್ಕೊಂದು ಅಂಟಿಕೊಂಡು, ಗುಳ್ಳೆಗಳಾಗಿ ಉಬ್ಬಿ, ಕಳಚಿ ನಾಳಿಕೆಯ ಟೊಳ್ಳಿಗೆ ಬೀಳುತ್ತವೆ.

ಇದಕ್ಕಿಂತ ಗಂಭೀರವಾದುದು ಕೋಶವು ದಿಕ್ಕನ್ನು ಕಳೆದುಕೊಳ್ಳುವುದು. ನಾಳಿಕೆಯ ಕೋಶಕ್ಕೆ ಮೂತ್ರದ ಕಡೆಯ ಮುಖವೊಂದು, ರಕ್ತದ ಕಡೆಯ ಮುಖವೊಂದು. ಸೋಡಿಯಂ-ಪೊಟಾಶಿಯಂ ಪಂಪು ರಕ್ತದ ಕಡೆಗೆ ಮಾತ್ರ ಇರುತ್ತದೆ. ಸ್ಪೆಕ್ಟ್ರಿನ್, ಆಂಕಿರಿನ್ ಎಂಬ ಪ್ರೋಟೀನುಗಳು ಅದನ್ನು ಅಲ್ಲಿ ಗೂಟಕ್ಕೆ ಕಟ್ಟಿದಂತೆ ಹಿಡಿದಿರುತ್ತವೆ. ಪಕ್ಕದ ಕೋಶಗಳ ನಡುವಿನ ಬಿಗಿಯಾದ ಬೆಸುಗೆಯು ಎರಡು ಮುಖಗಳ ಪ್ರೋಟೀನುಗಳು ಬೆರೆಯದಂತೆ ತಡೆಯುತ್ತದೆ. ಇಸ್ಕೀಮಿಯಾದಲ್ಲಿ ಗೂಟವೂ ಬೆಸುಗೆಯೂ ಸಡಿಲಗೊಂಡು ಪಂಪುಗಳು ಮೂತ್ರದ ಕಡೆಯ ಮುಖಕ್ಕೂ ಸರಿಯುತ್ತವೆ. ರಕ್ತಕ್ಕೆ ಹಿಂದಿರುಗಬೇಕಾದ ಸೋಡಿಯಂ ಸರಿಯಾಗಿ ಹಿಂದಿರುಗುವುದಿಲ್ಲ. ಕೋಶ ಸತ್ತಿಲ್ಲ, ಆದರೆ ಅದರ ಕೆಲಸಕ್ಕೆ ಅರ್ಥವಿಲ್ಲದಂತಾಗಿದೆ. ರಚನೆ ಬೇರೆ, ಕಾರ್ಯ ಬೇರೆ ಎಂದು ಪಠ್ಯಪುಸ್ತಕಗಳು ಎರಡು ಅಧ್ಯಾಯಗಳಲ್ಲಿ ವಿವರಿಸುವ ಸಂಗತಿಗಳು ಇಲ್ಲಿ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ.

ಕೋಶವನ್ನು ಕೆಳಗಿನ ಆಧಾರಪೊರೆಗೆ ಅಂಟಿಸಿರುವ ಇಂಟೆಗ್ರಿನ್‌ಗಳು ಕೂಡ ಸ್ಥಾನಪಲ್ಲಟಗೊಳ್ಳುತ್ತವೆ. ಆಗ ಕೋಶಗಳು ಕಳಚಿಕೊಳ್ಳುತ್ತವೆ. ಹೀಗೆ ಕಳಚಿಬಿದ್ದ ಕೋಶಗಳಲ್ಲಿ ಎಷ್ಟೋ ಜೀವಂತವಾಗಿಯೇ ಇರುತ್ತವೆ. ತೀವ್ರ ನಾಳಿಕಾ ಕೋಶಮರಣ ಎಂಬ ಹಳೆಯ ಹೆಸರು ಇನ್ನೂ ಬಳಕೆಯಲ್ಲಿದ್ದರೂ, ರೋಗಿಗಳ ಮೂತ್ರಪಿಂಡದ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸತ್ತ ಕೋಶಗಳು ಹೆಸರಿಗೆ ತಕ್ಕಷ್ಟು ಕಾಣಿಸುವುದಿಲ್ಲ. ಆದ್ದರಿಂದ ಹಾನಿ ಎಂಬ ಪದವೇ ಹೆಚ್ಚು ಸರಿ. ಎಟಿಪಿ ಪೂರ್ಣವಾಗಿ ಬರಿದಾದಾಗ ಕೋಶಗಳು ಊದಿ ಒಡೆದು ಸಾಯುತ್ತವೆ. ಸ್ವಲ್ಪ ಉಳಿದಿದ್ದರೆ ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಮರಣವನ್ನು ಹೊಂದುತ್ತವೆ.

ನಾಳಿಕೆಯ ಮಟ್ಟದಲ್ಲಿ ಪರಿಣಾಮ

ಕೆಲವು ಕೋಶಗಳ ಕೆಡುಕಿನಿಂದ ಇಡೀ ಅಂಗದ ಸೋಸುವಿಕೆ ನಿಲ್ಲುವುದಕ್ಕೆ ಮೂರು ದಾರಿಗಳಿವೆ. ಕಳಚಿದ ಕೋಶಗಳು, ಚಾಚುಗಳ ಚೂರುಗಳು ಮತ್ತು ಮೂತ್ರದಲ್ಲಿ ಸಹಜವಾಗಿರುವ ಯುರೊಮಾಡ್ಯುಲಿನ್ ಎಂಬ ಪ್ರೋಟೀನು ಸೇರಿ ಗಟ್ಟಿಯಾಗಿ, ಕಸ ತುಂಬಿದ ಚರಂಡಿಯಂತೆ ನಾಳಿಕೆಯನ್ನು ಮುಚ್ಚುತ್ತವೆ. ಕೋಶಗಳು ಬಿದ್ದ ಜಾಗದಲ್ಲಿ ಆಧಾರಪೊರೆ ಬರಿದಾಗಿರುವುದರಿಂದ ಸೋಸಿದ ದ್ರವ ಪುನಃ ಹಿಂದಕ್ಕೆ ಸೋರುತ್ತದೆ. ಮೂರನೆಯದು ಸ್ವಾರಸ್ಯಕರ. ಮೇಲಿನ ಭಾಗ ಸೋಡಿಯಂ ಹೀರದೆ ಬಿಟ್ಟಾಗ ಕೆಳಭಾಗಕ್ಕೆ ಹೆಚ್ಚು ಲವಣ ತಲುಪುತ್ತದೆ. ಅಲ್ಲಿನ ಮ್ಯಾಕ್ಯುಲಾ ಡೆನ್ಸಾ ಎಂಬ ಕಾವಲು ಕೋಶಗಳು ಇದನ್ನು ಗುರುತಿಸಿ, ಗ್ಲೋಮೆರುಲಸ್‌ಗೆ ರಕ್ತ ತರುವ ನಾಳವನ್ನು ಕುಗ್ಗಿಸುತ್ತವೆ. ನಾಳಿಕೆಗಳು ಕೆಲಸ ಮಾಡದಿದ್ದರೂ ಸೋಸುವಿಕೆ ಹಿಂದಿನಂತೆಯೇ ನಡೆದಿದ್ದರೆ ದೇಹದ ಬಹುಪಾಲು ಲವಣ ಮತ್ತು ನೀರು ಕೆಲವೇ ಗಂಟೆಗಳಲ್ಲಿ ಮೂತ್ರವಾಗಿ ಹರಿದುಹೋಗುತ್ತಿತ್ತು. ಮೂತ್ರ ನಿಲ್ಲುವುದರಲ್ಲಿ ಪ್ರಾಣ ಉಳಿಸುವ ಒಂದು ಅಂಶವೂ ಇದೆಯೆಂದು ಕೆಲವು ವಿಜ್ಞಾನಿಗಳು ಅಭಿಪ್ರಾಯಪಟ್ಟಿರುವುದು ಈ ಕಾರಣದಿಂದ.

ರಕ್ತ ಮರಳಿದಾಗಿನ ಹಾನಿ

ರಕ್ತದ ಹರಿವು ಮರಳುವುದೇ ಪರಿಹಾರ. ಆದರೆ ಮರಳುವ ಗಳಿಗೆಯಲ್ಲಿಯೂ ಒಂದು ಹಾನಿ ಇದೆ. ಇಸ್ಕೀಮಿಯಾದ ಅವಧಿಯಲ್ಲಿ ಎಟಿಪಿ ಹಂತಹಂತವಾಗಿ ಒಡೆದು ಹೈಪೊಕ್ಸಾಂಥಿನ್ ಆಗಿ ಶೇಖರವಾಗಿರುತ್ತದೆ. ಆಮ್ಲಜನಕ ಹಠಾತ್ತನೆ ಬಂದಾಗ ಅದರಿಂದಲೂ, ಕೆಟ್ಟ ಮೈಟೊಕಾಂಡ್ರಿಯಗಳಿಂದಲೂ ತೀವ್ರವಾಗಿ ಪ್ರತಿಕ್ರಿಯಿಸುವ ಆಮ್ಲಜನಕದ ರೂಪಗಳು ಹುಟ್ಟಿ ಪೊರೆಗಳನ್ನು ಸುಡುತ್ತವೆ. ಮೈಟೊಕಾಂಡ್ರಿಯದ ಪೊರೆಯಲ್ಲಿ ರಂಧ್ರಗಳು ತೆರೆದುಕೊಂಡರೆ ಆ ಕೋಶಕ್ಕೆ ಉಳಿವಿಲ್ಲ.

ಲೋಮನಾಳಗಳ ಒಳಪದರವೂ ಊದಿಕೊಂಡಿರುತ್ತದೆ. ನಾಳಗಳನ್ನು ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ಕಡಿಮೆಯಾಗಿ ಕುಗ್ಗಿಸುವ ಎಂಡೊಥೀಲಿನ್ ಹೆಚ್ಚಾಗಿರುತ್ತದೆ. ಬಿಳಿ ರಕ್ತಕಣಗಳು ಗೋಡೆಗೆ ಅಂಟಿಕೊಂಡು ಉರಿಯೂತ ಆರಂಭಿಸುತ್ತವೆ. ಹೀಗಾಗಿ ದೊಡ್ಡ ಅಪಧಮನಿಯಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ಒಳತಿರುಳಿನ ಹೊರ ಅಂಚಿನಲ್ಲಿ ಹರಿವು ಗಂಟೆಗಟ್ಟಲೆ ಸ್ಥಗಿತವಾಗಿಯೇ ಇರಬಹುದು. ರಕ್ತದೊತ್ತಡ ಸರಿಹೋದ ಮೇಲೂ ರೋಗಿಯ ಕ್ರಿಯಾಟಿನಿನ್ ಒಂದೆರಡು ದಿನ ಏರುತ್ತಲೇ ಹೋಗುವುದರ ಹಿಂದೆ ಈ ಮುಂದುವರಿದ ಹಾನಿಯೂ ಇರುತ್ತದೆ.

ಕಾರಣಗಳು ಮತ್ತು ಕಲಬುರಗಿ ಪ್ರದೇಶ

ಮೂತ್ರಪಿಂಡದ ಅಪಧಮನಿಯೇ ಕಿರಿದಾಗುವುದು, ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುವುದು ಇಸ್ಕೀಮಿಯಾದ ನೇರ ಕಾರಣಗಳು. ವೃದ್ಧರಲ್ಲಿ ಕೊಬ್ಬು ಶೇಖರಣೆಯಿಂದಲೂ, ಭಾರತದ ತರುಣಿಯರಲ್ಲಿ ಟಕಾಯಾಸು ಎಂಬ ಅಪಧಮನಿಯ ಉರಿಯೂತದಿಂದಲೂ ಇದು ಸಂಭವಿಸುತ್ತದೆ. ಆದರೆ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಇಡೀ ದೇಹದ ರಕ್ತಪರಿಚಲನೆ ಕುಗ್ಗಿದುದರ ಪರಿಣಾಮ.

ಕಲಬುರಗಿ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವರ್ಷವರ್ಷದ ಸಂಗತಿ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿಯಿದೆ. ಶಹಾಬಾದ್, ಚಿತ್ತಾಪುರ ಕಡೆಯ ಹಾಸುಗಲ್ಲಿನ ಗಣಿಗಳಲ್ಲಿ, ಕಟ್ಟಡಗಳ ಕೆಲಸದಲ್ಲಿ, ಕಲಬುರಗಿಯ ಸ್ಟೇಶನ್ ಬಜಾರದಂತಹ ಪೇಟೆಗಳ ಹಮಾಲಿಯಲ್ಲಿ, ತಳ್ಳುಗಾಡಿಗಳ ವ್ಯಾಪಾರದಲ್ಲಿ ದುಡಿಯುವವರಿಗೆ ಇಂತಹ ಬದಲಾದ ವೇಳಾಪಟ್ಟಿ ಇರುವುದಿಲ್ಲ. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವರು ಗಂಟೆಗೆ ಒಂದು ಲೀಟರ್ ಬೆವರು ಸುರಿಸುವುದು ಅಸಾಮಾನ್ಯವಲ್ಲ. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ತನ್ನನ್ನು ತಂಪಾಗಿಸಿಕೊಳ್ಳಲು ದೇಹವು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುವುದರಿಂದ ಮೂತ್ರಪಿಂಡದ ಪಾಲು ಇನ್ನಷ್ಟು ಕಡಿಮೆಯಾಗುತ್ತದೆ. ದಿನದ ಕೊನೆಗೆ ಮೈಕೈ ನೋವಿಗೆಂದು ಔಷಧದ ಅಂಗಡಿಯಲ್ಲಿ ಕೇಳಿ ಪಡೆದ ನೋವಿನ ಗುಳಿಗೆಯನ್ನು ನುಂಗಿದರೆ ಮೇಲೆ ವಿವರಿಸಿದ ಒಳಬಾಗಿಲೂ ಮುಚ್ಚಿಕೊಳ್ಳುತ್ತದೆ. ಬಿಸಿಲಾಘಾತದಲ್ಲಿ ಸ್ನಾಯುಗಳು ಒಡೆದು ಮಯೊಗ್ಲೋಬಿನ್ ಬಿಡುಗಡೆಯಾದರೆ ಅದು ನಾಳಿಕೆಗಳಿಗೆ ಪ್ರತ್ಯೇಕವಾದ ವಿಷ. ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಬೆರೆಸಿದ ನಿಂಬೆಯ ಪಾನಕಗಳ ಬಳಕೆಗೂ ಬೇಸಿಗೆಯ ಅರವಟ್ಟಿಗೆಗಳಿಗೂ ಈ ಹಿನ್ನೆಲೆಯಲ್ಲಿ ಶರೀರಶಾಸ್ತ್ರದ ಸಮರ್ಥನೆ ಸಿಗುತ್ತದೆ.

ಬಿಸಿಲಿನಲ್ಲಿ ಪದೇಪದೇ ನೀರು ಕಡಿಮೆಯಾಗುವುದರಿಂದ ದೀರ್ಘಕಾಲದ ಮೂತ್ರಪಿಂಡ ರೋಗ ಬರುವುದೇ ಎಂಬುದು ಚರ್ಚೆಯಲ್ಲಿರುವ ವಿಷಯ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಗಳ ಕೂಲಿಗಾರರಲ್ಲಿ ಕಂಡುಬಂದ ಕಾಯಿಲೆಗೆ ಉಷ್ಣವನ್ನು ಒಂದು ಮುಖ್ಯ ಕಾರಣವೆಂದು ಶಂಕಿಸಲಾಗಿದೆ. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದ ಕಾಯಿಲೆಯ ಮೂಲ ಇನ್ನೂ ನಿರ್ಧಾರವಾಗಿಲ್ಲ.

ಮಳೆಗಾಲದ ಆರಂಭದಲ್ಲಿ ಕಲುಷಿತ ನೀರಿನಿಂದ ಬರುವ ವಾಂತಿಭೇದಿ ಇನ್ನೊಂದು ಕಾರಣ. ಹೊಲಗಳಲ್ಲಿ ಹಾವಿನ ಕಡಿತವೂ ಮುಖ್ಯ. ಕೊಳಕುಮಂಡಲದ ವಿಷವು ರಕ್ತದೊತ್ತಡವನ್ನು ಇಳಿಸಿ, ಸಣ್ಣ ನಾಳಗಳಲ್ಲಿ ರಕ್ತವನ್ನು ಹೆಪ್ಪುಗಟ್ಟಿಸಿ, ಕೋಶಗಳನ್ನು ನೇರವಾಗಿಯೂ ಕೆಡಿಸಿ, ಮೂರು ಬಗೆಯಲ್ಲಿ ಮೂತ್ರಪಿಂಡವನ್ನು ಹಾನಿಗೊಳಿಸುತ್ತದೆ. ಭಾರತದಲ್ಲಿ ದೊರೆಯುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆ ಅನ್ವಯಿಸುತ್ತದೆ. ಹೆರಿಗೆಯ ಸಮಯದ ತೀವ್ರ ರಕ್ತಸ್ರಾವದಲ್ಲಿ ಕೆಲವೊಮ್ಮೆ ಇಡೀ ಹೊರಪದರವೇ ಸಾಯುತ್ತದೆ. ಆಗ ಗ್ಲೋಮೆರುಲಸ್‌ಗಳೂ ನಾಶವಾಗುವುದರಿಂದ ಪೂರ್ಣ ಚೇತರಿಕೆ ಸಾಧ್ಯವಿಲ್ಲ. ಆಸ್ಪತ್ರೆಯ ಹೆರಿಗೆಗಳು ಹೆಚ್ಚಿದಂತೆ ಭಾರತದಲ್ಲಿ ಇದು ಬಹಳ ಕಡಿಮೆಯಾಗಿದೆ.

ಅಧ್ಯಯನದ ಇತಿಹಾಸ

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ದಾಳಿ ನಡೆದಾಗ ಕುಸಿದ ಕಟ್ಟಡಗಳಡಿ ಸಿಲುಕಿದವರಲ್ಲಿ ಕೆಲವರು ಹೊರತೆಗೆದಾಗ ಚೆನ್ನಾಗಿದ್ದು, ಬಳಿಕ ಮೂತ್ರ ಕಡಿಮೆಯಾಗಿ ಒಂದು ವಾರದೊಳಗೆ ಮರಣಹೊಂದಿದರು. ಎರಿಕ್ ಬೈವಾಟರ್ಸ್ ಮತ್ತು ಡೆಸ್ಮಂಡ್ ಬೀಲ್ 1941ರಲ್ಲಿ ಇದನ್ನು ವಿವರಿಸಿದರು. ಜಜ್ಜಿದ ಸ್ನಾಯುವಿನಿಂದ ಮೂತ್ರಪಿಂಡಕ್ಕೆ ಆಗುವ ಹಾನಿಯ ಆಧುನಿಕ ಅಧ್ಯಯನ ಇಲ್ಲಿಂದ ಬೆಳೆಯಿತು. ಅದೇ ಯುದ್ಧದ ನಡುವೆ, 1943ರಲ್ಲಿ, ನೆದರ್‌ಲ್ಯಾಂಡಿನ ಕಾಂಪೆನ್ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಕೃತಕ ಮೂತ್ರಪಿಂಡವನ್ನು ಬಳಕೆಗೆ ತಂದರು. ಅದರಿಂದ ಬದುಕುಳಿದ ಮೊದಲ ರೋಗಿ ದೊರೆತದ್ದು 1945ರಲ್ಲಿ. ಕಲಬುರಗಿಯಲ್ಲಿ ವೈದ್ಯಕೀಯ ಶಿಕ್ಷಣ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯದೊಂದಿಗೆ ಆರಂಭವಾಯಿತು.

ಪತ್ತೆ

ಮೂತ್ರ ಕಡಿಮೆಯಾಗುವುದೇ ಮನೆಯವರಿಗೆ ಕಾಣುವ ಮೊದಲ ಸೂಚನೆ, ಆದರೂ ಅದು ಎಲ್ಲರಲ್ಲಿಯೂ ಇರುವುದಿಲ್ಲ. ನೋವು ಇಲ್ಲದಿರುವುದರಿಂದ ಕಾಯಿಲೆ ಗಮನಕ್ಕೆ ಬಾರದೆ ಹೋಗುತ್ತದೆ. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ರಕ್ತದ ಕ್ರಿಯಾಟಿನಿನ್ 48 ಗಂಟೆಗಳೊಳಗೆ ಡೆಸಿಲೀಟರಿಗೆ 0.3 ಮಿಲಿಗ್ರಾಂ ಏರಿದರೆ, ಅಥವಾ ಏಳು ದಿನಗಳೊಳಗೆ ಒಂದೂವರೆ ಪಟ್ಟಾದರೆ, ಅಥವಾ ಮೂತ್ರದ ಪ್ರಮಾಣ ಆರು ಗಂಟೆಗಳ ಕಾಲ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಗಂಟೆಗೆ 0.5 ಮಿಲಿಲೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಮೂತ್ರಪಿಂಡ ಹಾನಿ. 60 ಕಿಲೋಗ್ರಾಂ ತೂಕದವರಲ್ಲಿ ಇದು ಗಂಟೆಗೆ 30 ಮಿಲಿಲೀಟರ್.

ನಾಳಿಕೆಗಳು ಇನ್ನೂ ಸುಸ್ಥಿತಿಯಲ್ಲಿವೆಯೇ ಎಂಬುದನ್ನು ಮೂತ್ರದ ಪರೀಕ್ಷೆ ಹೇಳುತ್ತದೆ. ಸುಸ್ಥಿತಿಯಲ್ಲಿದ್ದರೆ ಅವು ಸೋಡಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ಸೋಸಿದ ಸೋಡಿಯಂನ ಶೇಕಡಾ 1ಕ್ಕಿಂತ ಕಡಿಮೆ ಮೂತ್ರಕ್ಕೆ ಹೋಗುತ್ತದೆ. ಹಾನಿಯಾಗಿದ್ದರೆ ಸಾಮಾನ್ಯವಾಗಿ ಶೇಕಡಾ 2ಕ್ಕಿಂತ ಹೆಚ್ಚು ಹೋಗುತ್ತದೆ, ಮೂತ್ರ ಗಾಢವಾಗುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಕೆಸರಿನ ಕಂದುಬಣ್ಣದ ಅಚ್ಚುಗಳು ಕಾಣುತ್ತವೆ. ನಾಳಿಕೆಯಲ್ಲಿ ಗಟ್ಟಿಯಾಗಿದ್ದ ಕೋಶಗಳ ಕಸವೇ ಹೀಗೆ ಹೊರಬರುವುದು. ಮೂತ್ರ ಹೆಚ್ಚಿಸುವ ಔಷಧ ತೆಗೆದುಕೊಂಡವರಲ್ಲಿ ಸೋಡಿಯಂನ ಲೆಕ್ಕ ದಾರಿತಪ್ಪಿಸಬಹುದು. ಕ್ರಿಯಾಟಿನಿನ್ ಕೂಡ ಕೋಶಗಳಿಗೆ ಪೆಟ್ಟುಬಿದ್ದು ಒಂದೆರಡು ದಿನ ಕಳೆದ ಮೇಲೆಯೇ ಸ್ಪಷ್ಟವಾಗಿ ಏರುತ್ತದೆ.

ಚಿಕಿತ್ಸೆ

ಕೆಟ್ಟ ನಾಳಿಕೆಗಳನ್ನು ಸರಿಪಡಿಸುವ ಔಷಧ ಇದುವರೆಗೆ ದೊರೆತಿಲ್ಲ. ಒಂದು ಕಾಲಕ್ಕೆ ವ್ಯಾಪಕವಾಗಿ ಕೊಡುತ್ತಿದ್ದ ಅಲ್ಪಪ್ರಮಾಣದ ಡೋಪಮಿನ್ ನಿಷ್ಪ್ರಯೋಜಕವೆಂದು 2000ದಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡಿನ ಪರೀಕ್ಷೆ ತೋರಿಸಿತು. ಆದ್ದರಿಂದ ಚಿಕಿತ್ಸೆಯ ತಿರುಳು ರಕ್ತದ ಹರಿವನ್ನು ಬೇಗ ಮರಳಿಸುವುದು, ಮೂಲ ಕಾರಣವನ್ನು ನಿವಾರಿಸುವುದು ಮತ್ತು ಅಪಾಯಕಾರಿ ಔಷಧಗಳನ್ನು ನಿಲ್ಲಿಸುವುದು.

ವಾಂತಿಭೇದಿಯಲ್ಲಿ ಓಆರ್‌ಎಸ್ ದ್ರಾವಣವೇ ಮೊದಲ ರಕ್ಷಣೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ದಿಲೀಪ್ ಮಹಾಲನಬಿಸ್ ಇದರ ಉಪಯುಕ್ತತೆಯನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 2.9 ಗ್ರಾಂ ಸೋಡಿಯಂ ಸಿಟ್ರೇಟ್, 1.5 ಗ್ರಾಂ ಪೊಟಾಶಿಯಂ ಕ್ಲೋರೈಡ್ ಇರುತ್ತವೆ. ಪೊಟ್ಟಣವನ್ನು ಹೇಳಿದಷ್ಟೇ ನೀರಿನಲ್ಲಿ ಕರಗಿಸುವುದು ಮುಖ್ಯ. ಕುಡಿಯಲಾಗದವರಿಗೆ ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ. ಆದರೆ ನಾಳಿಕೆಗಳು ಕೆಟ್ಟ ಮೇಲೆ ದ್ರವವನ್ನು ಸುರಿಯುತ್ತಲೇ ಹೋದರೆ ಅದು ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ.

ಪೊಟಾಶಿಯಂ ಅಪಾಯಕರ ಮಟ್ಟಕ್ಕೆ ಏರಿದಾಗ, ರಕ್ತ ತೀರ ಆಮ್ಲೀಯವಾದಾಗ, ದ್ರವ ಮಿತಿಮೀರಿದಾಗ ಡಯಾಲಿಸಿಸ್ ಅನಿವಾರ್ಯ. ಇಲ್ಲಿ ಡಯಾಲಿಸಿಸ್ ಜೀವನಪರ್ಯಂತದ್ದೆಂಬ ಭಯ ರೋಗಿಯ ಕಡೆಯವರಲ್ಲಿ ಸಾಮಾನ್ಯ. ಇಸ್ಕೀಮಿಯಾ ಹಾನಿಯಲ್ಲಿ ಅದು ಬಹುತೇಕ ತಾತ್ಕಾಲಿಕ. ಕೋಶಗಳು ಮರಳಿ ಬೆಳೆಯುವವರೆಗೆ ಪ್ರಾಣ ಕಾಯುವ ಸೇತುವೆ. ಆ ಭಯದಿಂದ ಡಯಾಲಿಸಿಸ್ ನಿರಾಕರಿಸುವುದು ಉಳಿಯಬಹುದಾಗಿದ್ದ ಜೀವವನ್ನು ಕಳೆಯಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಒದಗಿಸಲು 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಆರಂಭಿಸಲಾಯಿತು.

ಆಹಾರದ ವಿಷಯದಲ್ಲಿ ಕಲಬುರಗಿ ಜಿಲ್ಲೆಗೆ ಸಂಬಂಧಿಸಿದ ಒಂದು ಸಂಗತಿಯಿದೆ. ಕಮಲಾಪುರದ ಕೆಂಪು ಬಾಳೆಹಣ್ಣು ಭೌಗೋಳಿಕ ಗುರುತು ಪಡೆದ ಪ್ರಸಿದ್ಧ ಬೆಳೆ. ಕಾಯಿಲೆಯವರನ್ನು ನೋಡಲು ಹೋಗುವಾಗ ಹಣ್ಣು ಒಯ್ಯುವುದು ಎಲ್ಲೆಡೆಯ ವಾಡಿಕೆ. ಬಾಳೆಹಣ್ಣು, ಎಳನೀರುಗಳಲ್ಲಿ ಪೊಟಾಶಿಯಂ ಹೇರಳ. ಮೂತ್ರ ಚೆನ್ನಾಗಿ ಹೋಗುತ್ತಿರುವವರಿಗೆ ಇದು ಪುಷ್ಟಿಕರ. ಮೂತ್ರ ನಿಂತವರಲ್ಲಿ ಅದೇ ಪೊಟಾಶಿಯಂ ಹೊರಹೋಗದೆ ರಕ್ತದಲ್ಲಿ ಶೇಖರವಾಗಿ ಹೃದಯದ ಬಡಿತವನ್ನು ನಿಲ್ಲಿಸಬಲ್ಲದು. ವೈದ್ಯರು ಒಪ್ಪುವವರೆಗೆ ಇವನ್ನು ಕೊಡಬಾರದು.

ಕಸಿ ಮಾಡುವ ಮೂತ್ರಪಿಂಡದಲ್ಲಿ

ದಾನಿಯ ದೇಹದಿಂದ ತೆಗೆದ ಮೂತ್ರಪಿಂಡ ಅನಿವಾರ್ಯವಾಗಿ ಇಸ್ಕೀಮಿಯಾಕ್ಕೆ ಒಳಗಾಗುತ್ತದೆ. ದೇಹದ ಬಿಸಿಯಲ್ಲಿ ಅದು ತಾಳುವುದು ನಿಮಿಷಗಳ ಲೆಕ್ಕದಲ್ಲಿ. ಗಡ್ಡೆ ತೆಗೆಯಲು ಮೂತ್ರಪಿಂಡದ ಅಪಧಮನಿಯನ್ನು ಹಿಡಿಕೆಯಿಂದ ಬಿಗಿಯುವ ಶಸ್ತ್ರವೈದ್ಯರು ಸುಮಾರು 25ರಿಂದ 30 ನಿಮಿಷಗಳೊಳಗೆ ಅದನ್ನು ಸಡಿಲಿಸಲು ಯತ್ನಿಸುತ್ತಾರೆ. ಸುಮಾರು 4 ಡಿಗ್ರಿಗೆ ತಂಪಾಗಿಸಿದರೆ ಅದೇ ಅಂಗ ಒಂದು ದಿನದವರೆಗೆ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಕಾಲ ಉಳಿಯುತ್ತದೆ, ಏಕೆಂದರೆ ಚಳಿಯಲ್ಲಿ ಕೋಶದ ಖರ್ಚೇ ಕಡಿಮೆ. ಸಾಗಿಸುವಾಗ ಬಳಸುವ ಕೆಲವು ದ್ರಾವಣಗಳಲ್ಲಿ ಕೋಶದೊಳಗಿರುವಂತೆ ಪೊಟಾಶಿಯಂ ಹೆಚ್ಚಾಗಿಯೂ ಸೋಡಿಯಂ ಕಡಿಮೆಯಾಗಿಯೂ ಇರುತ್ತವೆ. ಪಂಪು ನಿಂತರೂ ಒಳಗೂ ಹೊರಗೂ ಒಂದೇ ಬಗೆಯ ಲವಣವಿದ್ದರೆ ಕೋಶ ಊದುವುದಿಲ್ಲ ಎಂಬುದು ಇದರ ತರ್ಕ.

ಚೇತರಿಕೆ

ಮೂತ್ರಪಿಂಡದ ನಾಳಿಕೆಗೆ ತನ್ನನ್ನು ತಾನೇ ಮರಳಿ ಕಟ್ಟಿಕೊಳ್ಳುವ ಶಕ್ತಿಯಿದೆ. ಉಳಿದ ಕೋಶಗಳು ತಮ್ಮ ಚಾಚುಗಳನ್ನೂ ದಿಕ್ಕಿನ ಗುರುತನ್ನೂ ತಾತ್ಕಾಲಿಕವಾಗಿ ತೊರೆದು, ಚಪ್ಪಟೆಯಾಗಿ ಹರಡಿ ಬರಿದಾದ ಆಧಾರಪೊರೆಯನ್ನು ಮುಚ್ಚುತ್ತವೆ. ಬಳಿಕ ವಿಭಜನೆ ಹೊಂದಿ, ಕ್ರಮೇಣ ಮೊದಲಿನ ರೂಪಕ್ಕೆ ಬರುತ್ತವೆ. ಮೂತ್ರ ಕಡಿಮೆಯಾದ ಅವಧಿ ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಅನಂತರ ಕೆಲವರಲ್ಲಿ ಮೂತ್ರ ದಿನಕ್ಕೆ ಹಲವು ಲೀಟರುಗಳಷ್ಟು ಹೋಗುತ್ತದೆ. ಸೋಸುವಿಕೆ ಮರಳಿದ್ದರೂ ಹೀರುವ ಶಕ್ತಿ ಇನ್ನೂ ಬಂದಿಲ್ಲದಿರುವುದೂ, ಅಷ್ಟು ದಿನ ಉಳಿದಿದ್ದ ಲವಣ ಮತ್ತು ನೀರು ಹೊರಹೋಗುವುದೂ ಇದಕ್ಕೆ ಕಾರಣ. ಈ ದಿನಗಳಲ್ಲಿ ನೀರು, ಪೊಟಾಶಿಯಂ ಕಡಿಮೆಯಾಗದಂತೆ ನೋಡಿಕೊಳ್ಳಬೇಕಾಗುತ್ತದೆ.

ಚೇತರಿಕೆ ಯಾವಾಗಲೂ ಪೂರ್ಣವಲ್ಲ. ಹಾನಿ ತೀವ್ರವಾಗಿದ್ದರೆ ಅಥವಾ ಮರುಕಳಿಸಿದರೆ ಕೆಲವು ಕೋಶಗಳು ವಿಭಜನೆಯ ನಡುವೆಯೇ ನಿಂತು, ನಾರನ್ನು ನೇಯುವ ಕೋಶಗಳನ್ನು ಪ್ರಚೋದಿಸುವ ಸಂಕೇತಗಳನ್ನು ಬಿಡುಗಡೆ ಮಾಡುತ್ತವೆ. ನಾಳಿಕೆಗಳ ನಡುವಿನ ಸೂಕ್ಷ್ಮ ಲೋಮನಾಳಗಳು ನಾಳಿಕೆಯಷ್ಟು ಸುಲಭವಾಗಿ ಮರಳಿ ಬೆಳೆಯುವುದಿಲ್ಲ. ಅವು ವಿರಳವಾದಂತೆ ಆ ಭಾಗಕ್ಕೆ ರಕ್ತ ಮತ್ತೆ ಕಡಿಮೆಯಾಗುತ್ತದೆ. ನೆಫ್ರಾನ್‌ಗಳ ಸಂಖ್ಯೆ ಜನನದ ವೇಳೆಗೇ ನಿಶ್ಚಿತವಾಗಿದ್ದು, ನಾಶವಾದ ನೆಫ್ರಾನ್‌ಗೆ ಬದಲಾಗಿ ಹೊಸದು ಹುಟ್ಟುವುದಿಲ್ಲ. ಉಳಿದವು ಅದರ ಹೊರೆಯನ್ನು ಹೊರುತ್ತವೆ. ಒಮ್ಮೆ ತೀವ್ರ ಹಾನಿಗೆ ಒಳಗಾದವರಲ್ಲಿ ಮುಂದೆ ದೀರ್ಘಕಾಲದ ಮೂತ್ರಪಿಂಡ ರೋಗ ಮತ್ತು ಅಧಿಕ ರಕ್ತದೊತ್ತಡದ ಸಂಭವ ಹೆಚ್ಚು. ಆದುದರಿಂದ ಆಸ್ಪತ್ರೆಯಿಂದ ಹೊರಬಂದು ಮೂರು ತಿಂಗಳಾದಾಗ ಕ್ರಿಯಾಟಿನಿನ್, ಮೂತ್ರದ ಪ್ರೋಟೀನು ಮತ್ತು ರಕ್ತದೊತ್ತಡವನ್ನು ಪರೀಕ್ಷಿಸುವ ಕ್ರಮವಿದೆ. ಅಂತಹವರು ನೋವುನಿವಾರಕಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳುವಂತಿಲ್ಲ.